ತಗಡು ಹಿಗ್ಗಿಸೋ ಮಿಷನ್ನು

ಇದನ್ನು ಪೂರ್ತಿ ಕೇಳಿಸಿಕೊಳ್ಳಿ, ನಡುವೆ ಎದ್ದು ಹೋಗಬೇಡಿ. ಅರ್ಧ ಕೇಳಿದವರು ಇದೊಂದು ತಮಾಷೆಯ ಸಂಗತಿ ಅಂದುಕೊಂಡು ನಗುತ್ತಾ ಹೋಗಿಬಿಡುತ್ತಾರೆ. ಉಳಿದರ್ಧ ಗೊತ್ತಿರುವವರು ನಾವು ಎಂಟೊಂಬತ್ತು ಜನ, ಅಷ್ಟೇ. ನಮ್ಮಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತೇನೆ.

೧೯೯೮ರ ಡಿಸೆಂಬರ್, ಒಂದು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ. ಆನೇಮಹಲ್‌ನಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಪಕ್ಕದ್ದೇ ವೀರಭದ್ರಯ್ಯನವರ ತಕ್ಕಡಿ ರಿಪೇರಿ ಅಂಗಡಿ. ನಡುವೆ ಹಲಗೆಯ ಗೋಡೆ, ಅದರಲ್ಲೊಂದು ಕಿಂಡಿ. ಅವರು ನನ್ನ ಸ್ವಂತ ದೊಡ್ಡಪ್ಪ ಅಲ್ಲ, ಆದರೂ ಹಾಗೇ ಕರೆಯುತ್ತಿದ್ದೆ. ಸಕಲೇಶಪುರದಿಂದ ಆಲೂರಿನವರೆಗೆ ಕಾಫಿ ವ್ಯಾಪಾರಿಗಳ ಯಾವ ತಕ್ಕಡಿ ಓರೆಯಾದರೂ ಅವರಿಗೇ ಕರೆ ಬರುತ್ತಿತ್ತು. ತಕ್ಕಡಿಯಲ್ಲದೆ ಬೇರೇನಾದರೂ ಓರೆಯಾದಾಗಲೂ ಜನ ಅವರ ಬಳಿಗೇ ಬರುತ್ತಿದ್ದರು. ಡೈರಿಯ ಹಾಲಿನ ಕ್ಯಾನು ಕಾಣೆಯಾದದ್ದನ್ನೂ, ಒಂದು ಮದುವೆ ಮನೆಯಲ್ಲಿ ಸರ ಕಳುವಾದದ್ದನ್ನೂ ಅವರು ಪತ್ತೆ ಮಾಡಿದ್ದರು. ಎರಡು ಸಲವೂ ನಾನು ಬೂತಿಗೆ ಬೀಗ ಹಾಕಿ ಅವರ ಹಿಂದೆ ಓಡಿದ್ದೆ.

ಅವತ್ತು ಅವರ ಬಾಗಿಲಲ್ಲಿ ಮಾದಮ್ಮ ಅನ್ನುವ ಹೆಂಗಸು ನಿಂತಿದ್ದಳು. ಕೂರಿ ಅಂದರೂ ಕೂರಲಿಲ್ಲ. ಅವಳ ಗಂಡ ನಂಜುಂಡನಿಗೆ ನಲವತ್ತೆರಡು ವರ್ಷ. ಬಿಸಿಲೆ ಕಡೆಯ ಒಂದು ಎಸ್ಟೇಟಿನಲ್ಲಿ ಹದಿನೆಂಟು ವರ್ಷ ದುಡಿದಿದ್ದ. ಎಸ್ಟೇಟ್ ಕೈ ಬದಲಾಯಿತು, ಹಳೆಯ ಆಳುಗಳು ಬೇಡವಾದರು, ಆಳುಗಳಿಗೆ ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡಿಸಿದರು. ಆರು ತಿಂಗಳು ಅಲೆದ ಮೇಲೆ ನಮ್ಮ ಅಂಗಡಿ ಸಾಲಿನ ದಯಾನಂದ ಅವರ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪ್ ಅದು. ಸೋಮವಾರ ಸೇರಿದ. ಮಂಗಳವಾರ ಸಾಯಂಕಾಲಕ್ಕೆ ಅವನೊಂದು ಪಲ್ಪರನ್ನು ಬೇಕೆಂದೇ ಹಾಳು ಮಾಡಿದ ಅಂತ ಆಪಾದನೆ ಬಂತು. ಬುಧವಾರ ಸಂಜೆ ಐದರೊಳಗೆ ಎಲ್ಲರೆದುರು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಸಕಲೇಶಪುರದ ಠಾಣೆಗೆ ಹೋಗುತ್ತೇನೆ ಅಂತ ದಯಾನಂದ ಹೇಳಿ ಕಳಿಸಿದ್ದರು. ಸಾಲಿನ ಬೇರೆ ಅಂಗಡಿಯವರೂ ಇವನಿಗೆ ಇಲ್ಲಿ ಇನ್ನು ಕೆಲಸವಿಲ್ಲ ಅಂದಿದ್ದರು.

"ಮುಟ್ಟಿಲ್ಲ ಅಂತ ಒಂದೇ ಸಲ ಅಂದ್ರು ಅಯ್ಯ," ಅಂದಳು ಮಾದಮ್ಮ. "ಆಮೇಲೆ ಬಾಯೇ ಬಿಡ್ತಿಲ್ಲ, ಗ್ವಾಡೆ ನೋಡ್ಕಂಡು ಕುಂತವ್ರೆ. ಮಿಷನ್ ಒಡೆಯೋನು ಅಂತ ಹೆಸ್ರು ಬಂದ್ಬುಟ್ರೆ ಇನ್ಯಾವ ಊರಲ್ಲಿ ಹೋಗಿ ಕೆಲಸ ಕೇಳನ?"

ದೊಡ್ಡಪ್ಪ ಕೈಯಲ್ಲಿದ್ದ ತಕ್ಕಡಿ ತಟ್ಟೆಯನ್ನು ಕೆಳಗಿಟ್ಟರು. "ಮನೆಗೆ ಹೋಗವ್ವ. ನಾಕ್ ಗಂಟೆಗೆ ಗಂಡನ್ನ ಕರ್ಕಂಡು ವರ್ಕ್‌ಶಾಪಿಗೆ ಬಾ. ಅಲ್ಲೀತಂಕ ಏನೂ ಒಪ್ಕಳದು ಬ್ಯಾಡ, ಜಗಳಾನೂ ಬ್ಯಾಡ."

ಮುಂದೆ ಹೋಗುವ ಮೊದಲು ನಮ್ಮ ಸಾಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಗ್ಯಾರೇಜು, ವೆಲ್ಡಿಂಗು, ಟೈರು, ಮರ ಕೊಯ್ಯುವ ಸಾಮಿಲ್ಲು ಎಲ್ಲ ಸೇರಿ ಹತ್ತು ಹನ್ನೆರಡು ಅಂಗಡಿ, ಎಲ್ಲರದೂ ಒಂದೇ ಬಾಯಿ. ಇಲ್ಲಿ ಸಣ್ಣ ಸುತ್ತಿಗೆಗೆ 'ಸಣ್ಣ ಮಾತು', ದೊಡ್ಡ ಸುತ್ತಿಗೆಗೆ 'ದೊಡ್ಡ ಮಾತು'. ಸಣ್ಣ ಮಾತಿಗೆ ಬಗ್ಗದ ನಟ್ಟಿಗೆ ದೊಡ್ಡ ಮಾತು ಹೇಳು ಅನ್ನುತ್ತಿದ್ದರು. ಗಾಡಿ ನಮ್ಮ ತಿರುವು ದಾಟುವವರೆಗೆ ಮಾತ್ರ ನಿಲ್ಲುವ ಬೆಸುಗೆಗೆ 'ತಿರುವಿನ ವೆಲ್ಡಿಂಗ್'. ಜೀಪಿನಡಿ ಮಲಗಿ ನಿದ್ದೆ ಹೊಡೆಯುವವನು 'ಕೆಳಗಿಂದ ಗ್ರೀಸ್ ಹಾಕ್ತಾ' ಇರುತ್ತಾನೆ. ಕೆಲಸ ಮಾಡುವವನ ತಲೆ ಮೇಲೆ ನಿಂತು ಬುದ್ಧಿ ಹೇಳುವ ಗಿರಾಕಿಗೆ 'ಹಗಲು ಹೆಡ್‌ಲೈಟ್' ಅಂತ ಹೆಸರು. ಅಂಥವನು ಬಂದರೆ ವೆಲ್ಡಿಂಗ್ ಮಹೇಶ, "ಅಣ್ಣ, ಸ್ವಲ್ಪ ಡಿಮ್ ಮಾಡಿ" ಅನ್ನುತ್ತಿದ್ದ. ಗಿರಾಕಿಗೆ ಅರ್ಥವಾಗುತ್ತಿರಲಿಲ್ಲ, ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಹೊಸದಾಗಿ ಸೇರಿದವರಿಗೆ ಒಂದು ಪದ್ಧತಿ ಇತ್ತು. ಒಂದು ತಗಡನ್ನು ಕೈಯಲ್ಲಿ ಹಿಡಿದು, ಇದು ಒಂದು ಬೆರಳು ಗಿಡ್ಡ ಬಂದಿದೆ, ಮಹೇಶನ ಹತ್ತಿರ ತಗಡು ಹಿಗ್ಗಿಸೋ ಮಿಷನ್ ಇದೆ, ತಗೊಂಡು ಬಾ ಅಂತ ಅಟ್ಟುತ್ತಿದ್ದರು. ಅಂಥ ಮಿಷನ್ನು ಲೋಕದಲ್ಲೇ ಇಲ್ಲ. ಮಹೇಶ, ನೆನ್ನೆ ಟೈರ್ ಅಂಗಡಿಗೆ ಕೊಟ್ಟೆ ಅನ್ನುವನು. ಟೈರಿನವನು ಸಾಮಿಲ್ಲಿಗೆ ಕಳಿಸುವನು. ಸಾಮಿಲ್ಲಿನಲ್ಲಿ ಒಂದು ಗೋಣಿಚೀಲಕ್ಕೆ ಕಲ್ಲು, ಗುಜರಿ ಕಬ್ಬಿಣ ತುಂಬಿ, ಬಾಯಿಗೆ ತಂತಿ ಬಿಗಿದು, ದಾರಿಯಲ್ಲಿ ಬಿಚ್ಚಿದರೆ ಸೆಟ್ಟಿಂಗ್ ಹೋಗುತ್ತೆ ಅಂತ ಹೊರಿಸಿ ಕಳಿಸುವರು. ಅವನು ಅರ್ಧ ಮೈಲಿ ಹೊತ್ತು ತಿರುವಿನಲ್ಲಿ ಕಾಣಿಸಿದ ಕೂಡಲೇ ಇಡೀ ಸಾಲು ರಸ್ತೆಗೆ ಬಂದು ತಗಡು, ತಟ್ಟೆ, ಸ್ಪ್ಯಾನರು, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಮೆರವಣಿಗೆ ಮಾಡಿಸುವುದು. ವರ್ಕ್‌ಶಾಪಿನ ಮುಂದೆ ಚೀಲ ಬಿಚ್ಚಿದರೆ ಕಲ್ಲು. ಎಲ್ಲರೂ ನಗುವರು, ಹೊರಿಸಿಕೊಂಡವನೂ ತಲೆ ಕೆರೆದುಕೊಂಡು ನಗುವನು. ಆಮೇಲೆ ಎದುರಿನ ಸರೋಜಮ್ಮನ ಹೋಟೆಲಿನಲ್ಲಿ ಟೀ, ಬೋಂಡ. ಅವತ್ತಿನಿಂದ ಅವನು ನಮ್ಮವನು. ಮಹೇಶನೂ ಹೊತ್ತಿದ್ದ. ದಯಾನಂದ ಅವರೇ ಇಪ್ಪತ್ತು ವರ್ಷದ ಹಿಂದೆ ಹೊತ್ತಿದ್ದರಂತೆ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಂಜುಂಡನ ಸರದಿ ಬಂತು. ದೊಡ್ಡಪ್ಪ ಅವತ್ತು ಆಲೂರಿಗೆ ಹೋಗಿದ್ದರು.

"ನೀನು ಅಲ್ಲೇ ಇದ್ದೆಯಲ್ಲ ಶಿವಲೀಲಾ, ಏನು ನಡೀತು?" ಅಂತ ಮಾದಮ್ಮ ಹೋದ ಮೇಲೆ ನನ್ನನ್ನೇ ಮೊದಲು ಕೇಳಿದರು.

"ಯಾವಾಗ್ಲೂ ಆಗೋದೇ ದೊಡ್ಡಪ್ಪ. ಚೀಲ ತಂದ್ರು, ಬಿಚ್ಚಿದ್ರು, ಅವರು ಮನೆಗೆ ಹೋದ್ರು."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮುಂದೇನೂ ಕೇಳಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಪೂರ್ತಿಯೂ ಇರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಇಬ್ಬರೂ ವರ್ಕ್‌ಶಾಪಿಗೆ ಹೋದೆವು. ಅದರಲ್ಲಿ ಎರಡು ಭಾಗ. ಮುಂದೆ ಬಯಲಿನಂಥ ಜಾಗ, ಹಿಂದೆ ಒಂದು ಶೆಡ್ಡು. ಶೆಡ್ಡಿಗೆ ಹಿಂಬಾಗಿಲೂ ಇದೆ, ಅಲ್ಲಿಂದ ನಲ್ಲಿಗೆ ಹೋಗಬಹುದು. ಹಾಳಾದ ಡ್ರಮ್ಮು ಶೆಡ್ಡಿನ ನಡುವೆ ಎರಡು ಮರದ ಸ್ಟ್ಯಾಂಡುಗಳ ಮೇಲಿತ್ತು. ಪಲ್ಪರಿನ ಜೀವವೇ ಆ ಡ್ರಮ್ಮು. ಅದರ ಮೈಗೆ ಉಬ್ಬುಗಳಿರುವ ತಾಮ್ರದ ತಗಡು ಸುತ್ತಿ, ಎರಡು ತುದಿಯನ್ನು ಒಂದರ ಮೇಲೊಂದು ಕೂರಿಸಿ ಮೊಳೆ ಹೊಡೆಯುತ್ತಾರೆ. ಡ್ರಮ್ಮು ತಿರುಗಿದರೆ ಉಬ್ಬುಗಳು ಹಣ್ಣನ್ನು ಉಜ್ಜಿ ಸಿಪ್ಪೆ ಬಿಡಿಸುತ್ತವೆ. ಇದು ಹೊಂಗಡಹಳ್ಳದ ಒಂದು ಎಸ್ಟೇಟಿನದು. ಅಲ್ಲಿ ಕೊಯ್ಲು ಶುರುವಾಗಿತ್ತು, ಹಣ್ಣು ಎರಡು ದಿನ ರಾಶಿ ಬಿದ್ದರೆ ಹುಳಿ ಬರುತ್ತದೆ. ಮಂಗಳವಾರ ಸಂಜೆಯೇ ಡ್ರಮ್ಮು ಹೋಗಬೇಕಿತ್ತು.

ಈಗ ಆ ತಗಡಿನ ಒಂದು ತುದಿ ಮಾತ್ರ ಮೊಳೆಯಲ್ಲಿತ್ತು. ಇನ್ನೊಂದು ತುದಿ ಬಿಟ್ಟುಕೊಂಡು, ನಡುವೆ ಗೇಣುದ್ದ ಹರಿದು ನೇತಾಡುತ್ತಿತ್ತು. ಆ ಅಂಚಿನ ಉದ್ದಕ್ಕೂ ಸುತ್ತಿಗೆಯ ಏಟಿನ ಗುರುತು. ದೊಡ್ಡಪ್ಪ ಕನ್ನಡಕ ಏರಿಸಿ ಒಂದೊಂದನ್ನೇ ಬೆರಳಿಟ್ಟು ಎಣಿಸಿದರು. ಇಪ್ಪತ್ತಾರು. ಎಲ್ಲ ಹುಣಸೆ ಬೀಜದಷ್ಟು ಗಾತ್ರ, ಹೊಲಿಗೆ ಹಾಕಿದ ಹಾಗೆ ಸಾಲಾಗಿದ್ದವು. ಆಮೇಲೆ ಜೇಬಿನಿಂದ ದಾರ ತೆಗೆದು ಡ್ರಮ್ಮಿಗೆ ಒಂದು ಸುತ್ತು ಸುತ್ತಿ ಅಳತೆಗೆ ಗಂಟು ಹಾಕಿದರು. ಅದೇ ದಾರವನ್ನು ತಗಡಿನ ಉದ್ದಕ್ಕೆ ಹಿಡಿದು ನನ್ನನ್ನು ಕರೆದು ತೋರಿಸಿದರು. ತಗಡು ಮುಗಿದ ಮೇಲೂ ದಾರ ಒಂದು ಹೆಬ್ಬೆರಳಿನಷ್ಟು ಉಳಿದಿತ್ತು. ನನಗೆ ಏನೂ ಹೊಳೆಯಲಿಲ್ಲ. ಅವರು ದಾರ ಸುತ್ತಿ ಜೇಬಿಗೆ ಹಾಕಿಕೊಂಡರು.

ದಯಾನಂದ ಹೇಳಿದ್ದು ಇಷ್ಟು. ಚೀಲ ಬಿಚ್ಚಿದ ಮೇಲೆ ನಂಜುಂಡ ತನ್ನ ಊಟದ ಚೀಲ ತರಲು ಒಬ್ಬನೇ ಶೆಡ್ಡಿಗೆ ಹೋದ, ಹಾಗೇ ಮನೆಗೆ ಹೊರಟ. ಅರ್ಧ ಗಂಟೆ ಬಿಟ್ಟು ಡ್ರಮ್ಮನ್ನು ಜೀಪಿಗೆ ಹಾಕಲು ತಾವು ಒಳಗೆ ಹೋದರೆ ಹೀಗಾಗಿತ್ತು. ಅವಮಾನ ಆಯಿತು ಅಂತ ಸೇಡು ತೀರಿಸಿಕೊಂಡಿದ್ದಾನೆ, ಬೇರೆ ಯಾರಿಗೆ ಏನು ಕಾರಣವಿದೆ?

"ಚೀಲ ಬಿಚ್ಚಿದಾಗ ಅವನೇನಂದ?" ಅಂತ ದೊಡ್ಡಪ್ಪ ಕೇಳಿದರು.

ದಯಾನಂದ ಬಾಗಿಲ ಕಡೆ ನೋಡಿದರು. "ಅದೇನ್ ಬಿಡಿ ಅಯ್ಯ, ಯಾವಾಗ್ಲೂ ಇರೋದೇ," ಅಂದು ಜೀಪಿನ ಬಾನೆಟ್ ಎತ್ತಿದರು.

ಪಕ್ಕದಲ್ಲೇ ಮಹೇಶನ ವೆಲ್ಡಿಂಗ್ ಅಂಗಡಿ. ಸತ್ತ ಮನೆಗೆ ಹೋದರೂ ಒಂದು ನಗು ಹುಟ್ಟಿಸಿ ಬರುವವನು ಅವನು. ತಟ್ಟೆ ಬಡಿಯುವುದನ್ನು ಶುರು ಮಾಡುವುದೂ ಅವನೇ. ನನ್ನ ಅನುಮಾನ ಅವನ ಮೇಲೇ ಇತ್ತು ಅಂತ ಹೇಳಿಬಿಡುತ್ತೇನೆ. ತಮಾಷೆಗೆ ಹೋಗಿ ಏನೋ ಒಡೆದು ಮುಚ್ಚಿಟ್ಟಿರಬಹುದು ಅಂದುಕೊಂಡಿದ್ದೆ. ದೊಡ್ಡಪ್ಪ ಅವನಿಗೂ ಅದೇ ಪ್ರಶ್ನೆ ಕೇಳಿದರು.

"ಅದೊಂದ್ ಕೇಳ್ಬ್ಯಾಡಿ ಅಯ್ಯ," ಅಂದವನು ರಾಡ್ ಹಚ್ಚದೆಯೇ ಕಪ್ಪು ಗಾಜನ್ನು ಮುಖಕ್ಕೆ ಹಿಡಿದುಕೊಂಡ.

ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ರುದ್ರಯ್ಯನವರು ಕೂತು ಬೀಡಿ ಸೇದುತ್ತಿದ್ದರು. ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ, ಐವತ್ತೆಂಟು ವಯಸ್ಸು. ಈ ಸುತ್ತಿನ ಅರ್ಧದಷ್ಟು ಪಲ್ಪರಿಗೆ ತಗಡು ಕೂರಿಸಿದವರು. ದಯಾನಂದ, ಮಹೇಶ ಎಲ್ಲ ಅವರ ಕೈಕೆಳಗೆ ಕಲಿತವರೇ. ಟೇಪು ಹಿಡಿಯುವುದಿಲ್ಲ, ಬರೀ ಕಣ್ಣಳತೆಯಲ್ಲಿ ಕತ್ತರಿಸುತ್ತಾರೆ ಅನ್ನುವುದೇ ಅವರ ಹೆಗ್ಗಳಿಕೆ. ಈ ಡ್ರಮ್ಮಿನ ತಗಡನ್ನೂ ಅವರೇ ಕತ್ತರಿಸಿದ್ದರು. ದೊಡ್ಡಪ್ಪ ಕೇಳಿದ್ದೇ ತಡ, ಅವರು ನಗುತ್ತಾ ಪೂರ್ತಿ ಹೇಳಿದರು.

"ಏನ್ ಹೇಳ್ಲಿ ಮಾರಾಯ್ರೆ. ಮೂಟೆ ಹೊತ್ಕಂಡು ಬೆವರು ಸುರಿಸ್ಕಂಡು ಬಂದ. ತಂತಿ ಬಿಚ್ಚಿದ್ರೆ ಕಲ್ಲು. ನಕ್ಕೂ ನಕ್ಕೂ ಎಲ್ರಿಗೂ ಹೊಟ್ಟೆ ಹುಣ್ಣಾಗ್ಬುಡ್ತು. ಅವನ ಮುಖ ಮಾತ್ರ ಸುಟ್ಟ ಬದನೆಕಾಯಿ. ಮಹೇಶ ಟೀ ಕೊಡಿಸ್ದ, ತಲೆ ಬಗ್ಗಿಸ್ಕಂಡು ಕುಡ್ದು ಹೋದ. ಒಳಗೇ ಕುದೀತಿದ್ದ ಅನ್ಸುತ್ತೆ."

ನಾವು ಹೊರಟಾಗ ರುದ್ರಯ್ಯನವರು ನನಗೆ ಒಂದು ಕೆಲಸ ಹೇಳಿದರು. ಸಾಯಂಕಾಲ ಬೇಲೂರಿನ ಮಗಳಿಗೆ ಫೋನ್ ಮಾಡಬೇಕಂತೆ. "ನಂಬರ್ ನೀನೇ ಒತ್ಕೊಡು ಮಗಾ." ನಾಲ್ಕು ತಿಂಗಳಿಂದ ಅವರು ಹಾಗೇ. ಮೊದಲು ಚೀಟಿ ನೋಡಿ ತಾವೇ ಒತ್ತುತ್ತಿದ್ದರು. ಮೇಸ್ತ್ರಿಗೆ ಈಚೆಗೆ ಜಂಭ ಬಂದಿದೆ ಅಂತ ರಸ್ತೆ ದಾಟುವಾಗ ದೊಡ್ಡಪ್ಪನ ಹತ್ತಿರ ಹೇಳಿ ನಕ್ಕೆ. ಅವರು ನಗಲಿಲ್ಲ.

ಕೊನೆಗೆ ಸರೋಜಮ್ಮನ ಹೋಟೆಲು. ಆಕೆ ಬಡಿಯುವ ಗುಂಪಿಗೆ ಬರುವವರಲ್ಲ, ರಸ್ತೆಯ ಈಚೆ ಒಲೆ ಮುಂದೆಯೇ ಇರುತ್ತಾರೆ. ಮಂಗಳವಾರವೂ ಹತ್ತು ಟೀ ಸೋಸಿ ಇಟ್ಟು ಕಾಯುತ್ತಿದ್ದರಂತೆ. ಒಂದೂ ಖರ್ಚಾಗಲಿಲ್ಲ, ಯಾರೂ ಬರಲಿಲ್ಲ, ಎಲ್ಲ ಆರಿ ಕೆನೆಗಟ್ಟಿತು.

"ನಂಜುಂಡ?"

"ಅವನು ಈ ಕಡೆ ತಿರುಗೂ ನೋಡ್ನಿಲ್ಲ. ಇನ್ನೊಂದ್ ಅಯ್ಯ, ಅವತ್ತು ಬಡಿಯೋದು ಇದ್ದಕ್ಕಿದ್ದಂಗೆ ನಿಂತೋಯ್ತು. ಕತ್ತರಿ ಹಾಕ್ದಂಗೆ. ಏನಾಯ್ತಪ್ಪ ಅಂತ ನಾನು ಬಾಗ್ಲಿಗೆ ಬಂದೆ. ಎಲ್ರೂ ಸುಮ್ನೆ ನಿಂತವ್ರೆ, ಆ ನಂಜುಂಡ ಒಬ್ನೇ ಮಾತಾಡ್ತಾವ್ನೆ. ಆದ್ರೂ ಅದ್ಯಾವನೋ ಒಬ್ಬ ಇನ್ನೂ ಟಕ್ ಟಕ್ ಅಂತ ಬಡೀತಾನೇ ಇದ್ದ. ಐದಾರು ಏಟು. ಇವನಿಗೇನು ಗ್ಯಾನ ಇಲ್ವ ಅಂದ್ಕಂಡೆ. ಆಮೇಲೆ ಅದೂ ನಿಂತೋಯ್ತು."

ದೊಡ್ಡಪ್ಪ ಬೆಂಚಿನ ಮೇಲೆ ಕೂತರು. ಆಮೇಲೆ ನನ್ನ ಕಡೆ ತಿರುಗಿದರು. "ಈಗ ಹೇಳು ಮಗಳೇ. ಅವನೇನಂದ?"

ಹೇಳಿದೆ. ನಾನೂ ಆ ಗುಂಪಿನಲ್ಲಿದ್ದೆ. ಬೂತಿನಿಂದ ಒಂದು ಸ್ಟೀಲ್ ತಟ್ಟೆ, ಚಮಚ ತಗೊಂಡು ಓಡಿದ್ದೆ. ಎಸ್ಟೇಟಿನಲ್ಲಿ ಕಾಫಿ ಮೂಟೆ ಹೊತ್ತವನಲ್ಲವೇ, ಟವೆಲನ್ನು ಸಿಂಬೆ ಮಾಡಿ ತಲೆ ಮೇಲೆ ಹೊತ್ತು ನೇರವಾಗಿ ನಡೆದು ಬಂದ. ಚೀಲ ಇಳಿಸಿ, ತಂತಿಯನ್ನು ತಾನೇ ಬಿಚ್ಚಿದ. ಕಲ್ಲು ಉರುಳಿದಾಗ ನಾವು ಇನ್ನೂ ಜೋರಾಗಿ ಬಡಿದೆವು. ಅವನು ದಯಾನಂದ ಅವರನ್ನು ನೋಡಿ ಮೆತ್ತಗೆ ಹೇಳಿದ: "ಇದು ತಮಾಷೆ ಅಂತ ಟೈರ್ ಅಂಗ್ಡೀಲೇ ಗೊತ್ತಾಯ್ತು ಸ್ವಾಮಿ. ಆರ್ ತಿಂಗ್ಳಿಂದ ಕೆಲಸ ಕೇಳ್ಕಂಡು ತಿರುಗ್ದೋನು ನಾನು. ಇದನ್ನ ಹೊತ್ರೆ ಕೆಲಸ ಉಳೀತದೆ ಅಂದ್ರೆ ಹೊರಾನ ಅಂದ್ಕಂಡೆ. ಇನ್ನೊಂದ್ ಸುತ್ತು ಹೊರ್ಬೇಕಾ, ಹೇಳಿ."

ವ್ಯಂಗ್ಯವಾಗಿ ಹೇಳಲಿಲ್ಲ. ನಿಜವಾಗಿಯೇ ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಅವನು ಒಂದು ನಿಮಿಷ ಕಾದು, ಒಳಗೆ ಹೋಗಿ ಊಟದ ಚೀಲ ತಗೊಂಡು ಬಂದ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದೆ. ಆಮೇಲೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಚದುರಿದೆವು. ಅವನ ಮಾತನ್ನು ಯಾರೂ ಯಾರ ಹತ್ತಿರವೂ ಎತ್ತಲಿಲ್ಲ.

"ಬೆಳಿಗ್ಗೆಯೇ ಯಾಕೆ ಹೇಳ್ಲಿಲ್ಲ?" ಅಂತ ದೊಡ್ಡಪ್ಪ ಕೇಳಲಿಲ್ಲ. ಕೇಳಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನಾಲ್ಕು ಗಂಟೆಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದೆವು. ದಯಾನಂದ, ಮಹೇಶ, ರುದ್ರಯ್ಯ, ಸರೋಜಮ್ಮ, ಟೈರ್ ಅಂಗಡಿಯವನು, ನಾನು. ನಂಜುಂಡ ಮಾದಮ್ಮನ ಜೊತೆ ಗೋಡೆಗೆ ಒರಗಿ ನಿಂತ. ಒಗೆದ ಶರ್ಟು ಹಾಕಿಕೊಂಡು ಬಂದಿದ್ದ. ದೊಡ್ಡಪ್ಪ ಡ್ರಮ್ಮಿನ ಪಕ್ಕ ನಿಂತು ಜೇಬಿನಿಂದ ದಾರ ತೆಗೆದರು.

ಮೊದಲು ಆ ದಾರವನ್ನು ಡ್ರಮ್ಮಿಗೆ ಸುತ್ತಿ, ಆಮೇಲೆ ತಗಡಿಗೆ ಹಿಡಿದು ಎಲ್ಲರಿಗೂ ತೋರಿಸಿದರು. ತುದಿಗಳು ಒಂದರ ಮೇಲೊಂದು ಕೂರಬೇಕಾದರೆ ತಗಡು ಸುತ್ತಳತೆಗಿಂತ ಎರಡು ಬೆರಳು ಹೆಚ್ಚೇ ಇರಬೇಕು. ಇಲ್ಲಿ ಹೆಬ್ಬೆರಳಿನಷ್ಟು ಕಡಿಮೆ ಇದೆ.

"ಸಿಟ್ಟು ಬಂದೋನು ತಗಡು ಹರೀಬೋದು ದಯಾನಂದ," ಅಂದರು. "ಗಿಡ್ಡ ಮಾಡಕ್ಕಾಗಲ್ಲ. ಯಾರೂ ಕೈ ಹಾಕೋಕ್ ಮುಂಚೇನೇ ಈ ಡ್ರಮ್ಮು ಕೆಲಸಕ್ಕೆ ಬರ್ತಿರ್ಲಿಲ್ಲ."

ಅವರು ಏಟಿನ ಗುರುತುಗಳ ಮೇಲೆ ಬೆರಳಾಡಿಸಿದರು. ಸೇಡು ತೀರಿಸಿಕೊಳ್ಳಲು ಬಂದವನು ಮೂಲೆಯಲ್ಲಿದ್ದ ದೊಡ್ಡ ಮಾತನ್ನೇ ಎತ್ತಿಕೊಳ್ಳುತ್ತಿದ್ದ, ಎಲ್ಲೆಂದರಲ್ಲಿ ನಾಲ್ಕು ಬಾರಿಸಿ ಹೋಗುತ್ತಿದ್ದ. ಇದು ಸಣ್ಣ ಮಾತಿನ ಕೆಲಸ. ಇಪ್ಪತ್ತಾರು ಏಟು, ಅಂಚಿನ ಉದ್ದಕ್ಕೆ, ಒಂದೇ ತೂಕದಲ್ಲಿ. ತಾಮ್ರವನ್ನು ಅಂಚಿನಲ್ಲಿ ತಟ್ಟಿದರೆ ತೆಳುವಾಗಿ ಕೊಂಚ ಹಿಗ್ಗುತ್ತದೆ ಅಂತ ಗೊತ್ತಿದ್ದವನು, ಒಂದು ಬೆರಳು ಉದ್ದ ಸಿಕ್ಕೀತು ಅನ್ನುವ ಆಸೆಯಲ್ಲಿ ತಟ್ಟಿದ್ದಾನೆ. ತಗಡು ಅಷ್ಟು ತಡೆಯಲಿಲ್ಲ, ಹರಿಯಿತು. ಒಡೆಯಲು ಹೊಡೆದ ಏಟುಗಳಲ್ಲ ಇವು, ಉಳಿಸಲು ಹೊಡೆದವು. ಇಷ್ಟು ಜೋಪಾನವಾಗಿ ತಟ್ಟಲು ಎರಡು ಮೂರು ನಿಮಿಷವಾದರೂ ಬೇಕು. ನಂಜುಂಡ ಒಳಗೆ ಹೋಗಿ ಬಂದದ್ದು ನೀರು ಕುಡಿಯುವಷ್ಟು ಹೊತ್ತು, ಶಿವಲೀಲಾ ನೋಡಿದ್ದಾಳೆ ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೌದು ಅಂದೆ.

"ಪಾಪ ಅಂತ ಹೇಳ್ತಾಳೆ ಅನ್ಬೋದು. ಅದೂ ಬಿಡಿ," ಅಂತ ಮುಂದುವರಿಸಿದರು. "ಇಷ್ಟು ಹೊತ್ತು ಸುತ್ತಿಗೆ ಹೊಡೆದ್ರೂ ಯಾರಿಗೂ ಕೇಳಿಸ್ಲಿಲ್ಲ ಯಾಕೆ? ನೀವೆಲ್ಲ ಹೊರಗೆ ತಟ್ಟೆ ಬಡೀತಿದ್ರಿ. ಸುತ್ತಿಗೆ ಸದ್ದು ಮುಚ್ಚಕ್ಕೆ ಅಷ್ಟು ಒಳ್ಳೆ ಗಲಾಟೆ ಮತ್ತೆ ಸಿಗಲ್ಲ. ಆದ್ರೆ ಒಳಗಿದ್ದೋನಿಗೆ ಒಂದು ಗೊತ್ತಾಗ್ಲಿಲ್ಲ. ಇಷ್ಟ್ ವರ್ಷದಲ್ಲಿ ಮೊದಲ್ನೇ ಸಲ ಹೊರಗಿನ ಗಲಾಟೆ ನಡುವೆಯೇ ನಿಂತೋಯ್ತು."

ಸರೋಜಮ್ಮ ತಾವು ಕೇಳಿದ್ದನ್ನು ಮತ್ತೆ ಹೇಳಿದರು. ಎಲ್ಲ ನಿಂತ ಮೇಲೂ ಐದಾರು ಏಟು. ಆ ಹೊತ್ತಿನಲ್ಲಿ ನಂಜುಂಡ ಎಲ್ಲರ ಕಣ್ಣೆದುರು ರಸ್ತೆಯಲ್ಲಿ ನಿಂತು ಮಾತಾಡುತ್ತಿದ್ದ. ಮಹೇಶ ತಲೆ ಎತ್ತಿದ. ತನಗೂ ಕೇಳಿಸಿತ್ತು, ಗುಂಪಿನ ಹಿಂದೆ ಯಾರೋ ಬಡೀತಾರೆ ಅಂದುಕೊಂಡೆ ಅಂದ.

"ಹಾಗಾದ್ರೆ ಹೊರಗಿಲ್ದೇ ಇದ್ದೋನು ಯಾರು?" ದೊಡ್ಡಪ್ಪ ಯಾರನ್ನೂ ನೋಡದೆ ಹೇಳಿದರು. "ಎಲ್ರೂ ಇದ್ದೆ ಅಂತೀರ. ಅದಕ್ಕೇ ನಾನು ಎಲ್ರಿಗೂ ಒಂದೇ ಪ್ರಶ್ನೆ ಕೇಳ್ದೆ, ಚೀಲ ಬಿಚ್ಚಿದಾಗ ಏನಾಯ್ತು ಅಂತ. ಶಿವಲೀಲಾ ಮಾತು ನುಂಗಿದ್ಲು. ದಯಾನಂದ ಬಾನೆಟ್ ಎತ್ತಿದ. ಮಹೇಶ ಮುಖ ಮುಚ್ಕಂಡ. ಅಲ್ಲಿದ್ದೋರಿಗೆ ಯಾರಿಗೂ ಹೇಳೋಕೆ ಬಾಯಿ ಬರ್ತಿಲ್ಲ. ನಗ್ತಾ ಪೂರ್ತಿ ಹೇಳಿದೋರು ಒಬ್ರೇ. ಎಲ್ರೂ ನಕ್ರು, ಮಹೇಶ ಟೀ ಕೊಡಿಸ್ದ, ಅವನು ಕುಡ್ದ ಅಂತ. ಅವತ್ತು ಯಾರೂ ನಗ್ಲಿಲ್ಲ. ಯಾರೂ ಟೀ ಕುಡೀಲಿಲ್ಲ. ಅವರು ಹೇಳಿದ್ದು ಪ್ರತಿ ಸಲ ಆಗೋದನ್ನ, ಮಂಗಳವಾರ ಆಗಿದ್ದನ್ನ ಅಲ್ಲ."

ಹೆಸರು ಹೇಳಲಿಲ್ಲ. ತಗಡು ಯಾಕೆ ಗಿಡ್ಡ ಬಂತು ಅನ್ನುವುದನ್ನೂ ಹೇಳಲಿಲ್ಲ. ಅದು ಅವರಿಗೆ ಗೊತ್ತಿತ್ತು, ಆ ಕ್ಷಣದಲ್ಲಿ ನನಗೂ ಹೊಳೆಯಿತು: ನಾಲ್ಕು ತಿಂಗಳಿಂದ ಚೀಟಿ ನೋಡಿ ನಂಬರ್ ಒತ್ತಲಾರದ ಕಣ್ಣು, ಕಣ್ಣಳತೆಯಲ್ಲಿ ತಾಮ್ರ ಕತ್ತರಿಸಿತ್ತು. ದೊಡ್ಡಪ್ಪ ದಾರ ಸುತ್ತುತ್ತಾ ಕಾದರು. ರಸ್ತೆಯಲ್ಲಿ ಎರಡು ಲಾರಿ ಹೋದವು.

ರುದ್ರಯ್ಯನವರು ಬೀಡಿ ಆರಿಸಿ ಎದ್ದು ನಿಂತರು. "ಎಡಗಣ್ಣಿಗೆ ಪೊರೆ ಬಂದೈತೆ. ಬಲಗಣ್ಣಿಗೂ ಬರ್ತೈತೆ ಅಂದ್ರು ಡಾಕ್ಟ್ರು," ಅಂದರು. "ನಲವತ್ ವರ್ಷದಲ್ಲಿ ಒಂದ್ ತಗಡು ಗಿಡ್ಡ ಬಂದಿರ್ಲಿಲ್ಲ. ಬೆಳಿಗ್ಗೆ ಕೂರಿಸ್ತೀನಿ, ತುದಿ ಸೇರ್ತಿಲ್ಲ. ಇನ್ನೊಂದ್ ತಗಡೂ ಇರ್ಲಿಲ್ಲ. ನೀವೆಲ್ಲ ಹೊರಗೆ ಹೋದಾಗ ತಟ್ಟಿ ನೋಡಾನ ಅಂದ್ಕಂಡೆ. ನನ್ನ ಸುತ್ತಿಗೆ ಸದ್ದಲ್ಲಿ ನಿಮ್ಮದು ನಿಂತಿದ್ದು ತಿಳೀಲಿಲ್ಲ. ಹರಿದೋಯ್ತು. ಹಿಂದ್ಲ ಬಾಗ್ಲಿಂದ ನಲ್ಲಿಗೆ ಹೋಗ್ಬುಟ್ಟೆ. ಹೇಳಾನ ಅಂತ್ಲೇ ವಾಪಸ್ ಬಂದೆ, ಆಣೆಗೂ. ಬರೋಷ್ಟ್ರಲ್ಲಿ ನೀವೇ ನಂಜುಂಡ ಅಂತಿದ್ರಿ. ನಾನು ಅವನ ಹೆಸರು ಎತ್ತಲಿಲ್ಲ. ಸುಮ್ನಿದ್ದೆ."

"ಬೆಳಿಗ್ಗೆ ನನ್ನ ಹತ್ರ, ಒಳಗೇ ಕುದೀತಿದ್ದ ಅಂದ್ರಲ್ಲ ಮೇಸ್ತ್ರಿ," ಅಂದರು ದೊಡ್ಡಪ್ಪ.

ರುದ್ರಯ್ಯ ತಲೆ ತಗ್ಗಿಸಿದರು. "ಅಂದೆ. ಅದು ತಪ್ಪು."

ದಯಾನಂದ ಅವರಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅವರಿಗೆ ಸುತ್ತಿಗೆ ಹಿಡಿಯಲು ಕಲಿಸಿದ ಮನುಷ್ಯ ಎದುರಿಗಿದ್ದರು. ಕೊನೆಗೆ ನಂಜುಂಡನ ಮುಂದೆ ಹೋಗಿ, ತಪ್ಪಾಯಿತು ಅಂದರು. ಕೆಲಸ ಅವನದೇ, ಠಾಣೆಯ ಮಾತು ಇನ್ನಿಲ್ಲ ಅಂದರು. ಆಮೇಲೆ ದನಿ ತಗ್ಗಿಸಿ, ಮೇಸ್ತ್ರಿಯನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ನೀನೇ ಹೇಳು, ನಿನ್ನ ಮಾತೇ ಕೊನೆ ಅಂದರು.

ಮಾದಮ್ಮ ಗಂಡನ ತೋಳು ಹಿಡಿದಿದ್ದಳು. ನಂಜುಂಡ ರುದ್ರಯ್ಯನವರನ್ನು ನೋಡಿದ, ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಅವರನ್ನ ಕಳಿಸ್ಬ್ಯಾಡಿ," ಅಂದ. "ಸುಮ್ನಿದ್ದಿದ್ದು ಅವರೊಬ್ರೇ ಅಲ್ವಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮಹೇಶ ಎದ್ದು ಹರಿದ ತಗಡಿನ ಮೊಳೆ ಕೀಳತೊಡಗಿದ. ಹಾಸನದ ಬಸ್ಸಿನಲ್ಲಿ ಹೊಸ ತಗಡು ಬರುವುದಿತ್ತು, ಹೊಂಗಡಹಳ್ಳದಲ್ಲಿ ಹಣ್ಣು ಕಾಯುತ್ತಿತ್ತು. ನಂಜುಂಡ ಶರ್ಟಿನ ತೋಳು ಮಡಿಸಿ ಡ್ರಮ್ಮಿನ ಇನ್ನೊಂದು ಕಡೆ ಹಿಡಿದುಕೊಂಡ. ರುದ್ರಯ್ಯನವರು ಮೊದಲ ಸಲ ದಯಾನಂದ ಅವರ ಹತ್ತಿರ ಟೇಪು ಕೇಳಿದರು. ಅದರ ಅಂಕಿಗಳನ್ನು ಓದಲು ನಂಜುಂಡನನ್ನು ಪಕ್ಕಕ್ಕೆ ಕರೆದರು.

ನಾನು ಬೂತಿಗೆ ಹೊರಟೆ. ನಂಜುಂಡ ಕೈ ಒರೆಸಿಕೊಳ್ಳುತ್ತಾ ಬಾಗಿಲವರೆಗೆ ಬಂದ.

"ನಾನು ಊಟದ ಚೀಲ ತಗಂಡು ಬಂದಿದ್ದನ್ನ ನೀನು ನೋಡ್ದೆ ಅಲ್ವೇನವ್ವ?"

"ನೋಡ್ದೆ ಅಣ್ಣ."

"ನೆನ್ನೆ ಸಂಜೆ ಅವರೆಲ್ಲ ನಾನೇ ಅಂದಾಗ್ಲೂ ನೀನು ಇಲ್ಲೇ ಇದ್ದೆಯಂತೆ. ಆಗ್ಲೇ ಯಾಕೆ ಅನ್ಲಿಲ್ಲ?"

ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳುವ ಹಾಗೆ ಕೇಳಿದ. ಅಷ್ಟರಲ್ಲಿ ಒಳಗಿನಿಂದ ಅವನನ್ನು ಕರೆದರು, ಹೋದ.

ಉತ್ತರ ನನಗೆ ಗೊತ್ತಿತ್ತು. ಅವನು ಬೇಗ ಹೊರಗೆ ಬಂದ ಅಂತ ಹೇಳಬೇಕಾದರೆ, ನಾನು ಅಲ್ಲಿ ನಿಂತು ಏನು ಮಾಡುತ್ತಿದ್ದೆ ಅನ್ನುವುದರಿಂದ ಶುರು ಮಾಡಬೇಕಿತ್ತು. ಅವನು ಹೇಳಿದ್ದನ್ನು ಎಲ್ಲರೆದುರು ಮತ್ತೆ ಹೇಳಬೇಕಿತ್ತು. ಆ ಎರಡು ಮಾತು ನನ್ನ ಬಾಯಿಗೆ ಬರಲಿಲ್ಲ. ಅದಕ್ಕಾಗಿ ಒಬ್ಬ ಮನುಷ್ಯ ಒಂದು ರಾತ್ರಿ, ಒಂದು ಹಗಲು ಗೋಡೆ ನೋಡಿಕೊಂಡು ಕೂತಿದ್ದ. ನೀವು ನನ್ನ ಜಾಗದಲ್ಲಿ, ಕೈಯಲ್ಲಿ ತಟ್ಟೆ ಚಮಚ ಹಿಡಿದು ಆ ಬಾಗಿಲಲ್ಲಿ ನಿಂತಿದ್ದರೆ ಏನು ಮಾಡುತ್ತಿದ್ದಿರಿ?